ಮಲಗಿದ ಕಣ್ಣು

ರುಕ್ಮವ್ವನ ಮೇಲಿನ ರೆಪ್ಪೆಗಳೆರಡೂ ಹುಟ್ಟಿನಿಂದಲೇ ಜೋತುಬಿದ್ದಿದ್ದವು. ಕಣ್ಣುಗುಡ್ಡೆಯ ಅರ್ಧಕ್ಕೆ ಬಂದು ಅಲ್ಲೇ ನಿಂತುಬಿಡುತ್ತಿದ್ದ ಅವನ್ನು ಇನ್ನೂ ಮೇಲೆತ್ತುವುದು ಅವಳಿಂದ ಆಗುತ್ತಿರಲಿಲ್ಲ. ಎದುರಿಗಿದ್ದವರ ಮುಖ ಕಾಣಬೇಕಾದರೆ ಗದ್ದ ಎತ್ತಿ, ಹುಬ್ಬು ಏರಿಸಿ, ರೆಪ್ಪೆಯ ಕೆಳಗೆ ಉಳಿದ ಸಂದಿಯಿಂದ ನೋಡಬೇಕಿತ್ತು. ಅವಳ ತವರು ಇಂಡಿ ತಾಲೂಕಿನ ಲಚ್ಯಾಣ. ಅಲ್ಲಿಯ ಶಾಲೆಯಲ್ಲಿ ಹುಡುಗಿಯರು ಅವಳಿಗೆ ನಿದ್ದಿಗಣ್ಣಿ ಎಂದು ಹೆಸರಿಟ್ಟಿದ್ದರು. ನಾಲ್ಕನೆಯ ಇಯತ್ತೆ ಮುಗಿಯುವ ಮೊದಲೇ ಅವಳು ಶಾಲೆ ಬಿಟ್ಟಳು. ತಾಯಿಯಿಲ್ಲದ ಮನೆಯಲ್ಲಿ ಅವಳಿಗೆ ಕೆಲಸಕ್ಕೇನೂ ಕೊರತೆಯಿರಲಿಲ್ಲ.

ಬಸವನ ಬಾಗೇವಾಡಿಯಿಂದ ಹೆಣ್ಣು ನೋಡಲು ಬಂದ ದಿನ ತಂದೆ ಖಂಡೆಪ್ಪ ಒಳಗೆ ಬಂದು, ಅವರು ಏನು ಕೇಳಿದರೂ ನೆಲ ನೋಡುತ್ತಲೇ ಉತ್ತರ ಹೇಳಬೇಕೆಂದು ತಾಕೀತು ಮಾಡಿದ. ಮದುವೆಯ ಹೆಣ್ಣು ತಲೆ ತಗ್ಗಿಸಿ ಕೂಡುವುದು ಎಲ್ಲ ಕಡೆಯ ಪದ್ಧತಿಯಾದ್ದರಿಂದ ಯಾರಿಗೂ ಸಂಶಯ ಬರಲಿಲ್ಲ. ವರ ಗುರಪ್ಪನ ತಾಯಿ ಹೊನ್ನವ್ವ ಹುಡುಗಿಯ ವಿನಯವನ್ನು ಹೊಗಳಿ, ಉಡಿ ತುಂಬಿ ಎದ್ದಳು. ಮದುವೆಯ ಹಂದರದಲ್ಲೂ ಬಾಸಿಂಗದ ಮರೆಯಲ್ಲಿ ಬಗ್ಗಿಸಿದ ತಲೆಯ ಮೇಲೆಯೇ ಅಕ್ಕಿಕಾಳು ಬಿದ್ದವು. ಈ ಮೋಸದಲ್ಲಿ ತನ್ನದೂ ಪಾಲಿದೆ ಎಂಬುದು ರುಕ್ಮವ್ವನಿಗೆ ಗೊತ್ತಿತ್ತು. ಯಾರಾದರೂ ಮುಖ ಎತ್ತು ಅಂದಿದ್ದರೆ ತಾನು ಎತ್ತುತ್ತಿದ್ದೆನೋ ಇಲ್ಲವೋ ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಳು. ಯಾರೂ ಅಂದಿರಲಿಲ್ಲ.

ಗಂಡನ ಮನೆಯ ಬಾಗಿಲು ಗಿಡ್ಡದಿತ್ತು. ಒಳಗೆ ಕಾಲಿಡುವಾಗ ಮೇಲಿನ ತೊಲೆ ಹಣೆಗೆ ತಾಗೀತೆಂದು ಅವಳು ಅಭ್ಯಾಸಬಲದಿಂದ ಗದ್ದ ಎತ್ತಿ ನೋಡಿದಳು. ಎದುರಿಗೆ ಆರತಿ ಹಿಡಿದು ನಿಂತಿದ್ದ ಹೊನ್ನವ್ವ ಆ ಮುಖವನ್ನು ಆಗ ಮೊದಲ ಸಲ ಸರಿಯಾಗಿ ಕಂಡಳು. ಆರತಿಯ ಕೈ ಅರ್ಧಕ್ಕೇ ನಿಂತಿತು. ಬೀಗರ ಮುಂದೆ ಅವಳು ಏನೂ ಅನ್ನಲಿಲ್ಲ. ಎಲ್ಲರೂ ಊರಿಗೆ ಮರಳಿದ ಮೇಲೆ ಸೊಸೆಯನ್ನು ಅಡುಗೆಮನೆಗೆ ಕರೆದಳು.

"ನಿಮ್ಮಪ್ಪ ನಿನ್ನ ತಲಿ ಬಗ್ಗಿಸಿ ತೋರಿಸಿದ. ಒಮ್ಮಿ ಎತ್ತಿ ತೋರಿಸಿದ್ರ ನಾವು ಎದ್ದ ಹೋಗ್ತಿದ್ವಿ," ಎಂದಳು.

ಆ ಮಾತು ಸುಳ್ಳಾಗಿರಲಿಲ್ಲ.

ಹೊನ್ನವ್ವ ಸೊಸೆಗೆ ಉಣ್ಣಲು ಉಡಲು ಕಡಿಮೆ ಮಾಡಿದವಳಲ್ಲ, ಕೈಯೆತ್ತಿದವಳೂ ಅಲ್ಲ. ಆದರೆ ಮನೆಗೆ ಹಿರಿಯರು ಬಂದಾಗ ಸೊಸೆ ಸೆರಗು ಹೊದ್ದು ತಲೆ ತಗ್ಗಿಸಿ ನಿಲ್ಲಬೇಕು. ತಲೆ ತಗ್ಗಿಸಿದರೆ ರುಕ್ಮವ್ವನಿಗೆ ನೀರು ಕೊಡಬೇಕಾದ ಕೈ ಎಲ್ಲಿದೆ ಎಂದು ಕಾಣುತ್ತಿರಲಿಲ್ಲ. ಗದ್ದ ಎತ್ತಿದರೆ, ಗುರಪ್ಪನ ಹೆಂಡತಿ ಹಿರಿಯರನ್ನೇ ಮಾರಿ ಎತ್ತಿಕೊಂಡು ನೋಡುತ್ತಾಳೆ, ಎಷ್ಟು ಸೊಕ್ಕು ಎಂದು ಓಣಿಯಲ್ಲಿ ಮಾತಾಗುತ್ತಿತ್ತು. ಒಳಗೆ ನಾಚಿಕೆಯಿಂದ ಸಾಯುತ್ತಿದ್ದವಳನ್ನು ಹೊರಗಿನವರು ಸೊಕ್ಕಿನವಳೆಂದು ತಿಳಿದರು. ಕೊನೆಗೆ ಅವಳು ಮುಖಗಳನ್ನು ನೋಡುವುದನ್ನೇ ಬಿಟ್ಟಳು. ಬಂದವರನ್ನು ಪಾದಗಳಿಂದ, ಸೀರೆಯ ಅಂಚಿನಿಂದ ಗುರುತಿಸಲು ಕಲಿತಳು. ಮಗ್ಗುಲ ಮನೆಯ ದಾವಲಬಿಯ ಕಾಲ್ಬೆರಳ ಉಂಗುರ, ಮಾವನ ಕಾಲದಿಂದ ಬರುತ್ತಿದ್ದ ಆಳಿನ ಸೀಳಿದ ಹಿಮ್ಮಡಿ, ಗಂಡನ ಕೊಲ್ಲಾಪುರಿ ಚಪ್ಪಲಿ ಇವು ಅವಳ ಲೋಕದ ಮುಖಗಳಾದವು.

ಗುರಪ್ಪ ಪೇಟೆಯಲ್ಲಿ ರೈತರ ಜೋಳ ತೊಗರಿ ಮಾರಿಸಿಕೊಡುವ ಅಡತಿ ಅಂಗಡಿ ಇಟ್ಟಿದ್ದ. ಮೃದು ಸ್ವಭಾವದವನು, ಎದುರು ಮಾತಾಡಲಾರದವನು. ನೆಂಟರ ಮದುವೆಗಳಿಗೆ ಅವನು ಒಬ್ಬನೇ ಹೋಗುತ್ತಿದ್ದ. ಬಸ್ಸಿನಲ್ಲಿ ಗದ್ದಲ, ನಿನಗೆ ಸುಮ್ಮನೆ ತ್ರಾಸು ಎಂದು ಹೇಳುತ್ತಿದ್ದ. ಮೊದಮೊದಲು ಅವಳು ಅದನ್ನು ನಂಬಿದಳು. ಆಮೇಲೆ ತಾನಾಗಿಯೇ, ನೀವು ಹೋಗಿ ಬನ್ನಿ ಎಂದು ಹೇಳತೊಡಗಿದಳು. ಹಾಗೆ ಹೇಳಿದಾಗ ಅವನ ಮುಖದಲ್ಲಿ ಹಗುರಾದ ಭಾವ ಕಾಣುತ್ತದೇನೋ ಎಂದು ಗದ್ದ ಎತ್ತಿ ನೋಡಲು ಅವಳಿಗೆ ಧೈರ್ಯವಾಗಲಿಲ್ಲ.

ಅವಳು ಬಸುರಾಗಿ ಏಳು ತಿಂಗಳಾದಾಗ ಕುಬಸದ ಕಾರ್ಯ ಮನೆಯಲ್ಲೇ ಆಯಿತು. ಹಿತ್ತಲಲ್ಲಿ ಹೊನ್ನವ್ವ ದಾವಲಬಿಯ ಹತ್ತಿರ ಮಾತಾಡುತ್ತಿದ್ದದ್ದು ಒಳಗೆ ಕುಳಿತಿದ್ದ ಅವಳ ಕಿವಿಗೆ ಬಿತ್ತು.

"ಗಂಡರ ಆಗಲಿ ಹೆಣ್ಣರ ಆಗಲಿ. ನನ್ನ ಮನ್ಯಾಗ ಇನ್ನೊಂದು ಇಂಥಾ ಕಣ್ಣ ಹುಟ್ಟೂದು ಬ್ಯಾಡ."

ಹುಟ್ಟಿದ್ದು ಹೆಣ್ಣು. ೧೯೭೦ನೆಯ ಇಸವಿಯ ಬೇಸಿಗೆ. ಸೂಲಗಿತ್ತಿ ಒರೆಸಿ ಕೊಟ್ಟ ಕೂಸನ್ನು ರುಕ್ಮವ್ವ ಮೊದಲು ನೋಡಿದ್ದು ಕಣ್ಣನ್ನೇ. ಬಲಗಣ್ಣು ಪೂರ್ತಿ ತೆರೆದಿತ್ತು. ಎಡಗಣ್ಣಿನ ರೆಪ್ಪೆ ತೆರೆಯಲೇ ಇಲ್ಲ. ಅವಳದು ಅರ್ಧಕ್ಕಾದರೂ ನಿಲ್ಲುತ್ತಿತ್ತು. ಮಗಳದು ಕಪ್ಪುಗುಡ್ಡೆಯನ್ನು ಸಂಪೂರ್ಣ ಮುಚ್ಚಿ, ಕೆಳಗೆ ಬಿಳಿಯ ಗೆರೆ ಮಾತ್ರ ಬಿಟ್ಟಿತ್ತು. ಮನೆತನದ ಹಿರಿಯಳ ಹೆಸರೆಂದು ಕೂಸಿಗೆ ಶಂಕ್ರೆವ್ವ ಎಂದು ಹೆಸರಿಟ್ಟರು. ಕರೆಯುವುದು ಶಂಕ್ರಿ.

ಅಂದಿನಿಂದ ರುಕ್ಮವ್ವ ಆ ಕಣ್ಣನ್ನು ಮುಚ್ಚಿಡುವುದನ್ನೇ ಒಂದು ಕೆಲಸ ಮಾಡಿಕೊಂಡಳು. ಕೂಸಿನ ಎಡಗೆನ್ನೆ ತನ್ನ ಎದೆಗೆ ಒತ್ತಿಕೊಳ್ಳುವಂತೆಯೇ ಎತ್ತಿಕೊಳ್ಳುತ್ತಿದ್ದಳು. ಕುಂಚಿಗೆಯನ್ನು ಹುಬ್ಬಿನ ತನಕ ಎಳೆದು ಕಟ್ಟುತ್ತಿದ್ದಳು. ನೋಡಬಂದವರಿಗೆ ಕೂಸಿಗೆ ನಿದ್ದೆ ಬಂದಿದೆ ಎನ್ನುತ್ತಿದ್ದಳು. ಹುಡುಗಿ ನಡೆದಾಡುವಂತಾದಾಗ ಬೈತಲೆ ಒಂದು ಕಡೆಗೆ ತೆಗೆದು, ಕೂದಲು ಎಡಗಣ್ಣಿನ ಮೇಲೆ ಬೀಳುವಂತೆ ಬಾಚತೊಡಗಿದಳು. ಹುಡುಗಿ ಮಾತು ಕಲಿತು, ಈ ಕಣ್ಣು ಯಾಕೆ ಹೀಗೆ ಎಂದು ಕೇಳಿದಾಗ, ಅದು ಮಲಗಿದೆ, ನೀನು ದೊಡ್ಡವಳಾದ ಮೇಲೆ ಏಳುತ್ತದೆ ಎಂದು ಹೇಳಿದಳು. ಹುಡುಗಿ ನಂಬಿತು.

ದವಾಖಾನೆಯ ವಿಚಾರ ಅವಳಿಗೆ ಹೊಳೆಯಲಿಲ್ಲವೆಂದಲ್ಲ. ಕೂಸಿಗೆ ಕೆಮ್ಮು ಜ್ವರ ಬಂದಾಗ ಗುರಪ್ಪನೇ ಔಷಧ ತರುತ್ತಿದ್ದ. ಆದರೆ ಕಣ್ಣು ತೋರಿಸಿದರೆ ಡಾಕ್ಟರು ಮೊದಲು ಕೇಳುವುದು ಇದು ಯಾರಿಂದ ಬಂತೆಂದು. ಆಗ ಅವರು ತನ್ನ ಮುಖದ ಕಡೆಗೆ ತಿರುಗುತ್ತಾರೆ, ಮನೆಯವರೂ ತಿರುಗುತ್ತಾರೆ. ಅದನ್ನು ನೆನೆದು ಅವಳು ಆ ವಿಚಾರವನ್ನು ಅಲ್ಲಿಗೇ ಬಿಡುತ್ತಿದ್ದಳು. ಗುರಪ್ಪ ಮಗಳನ್ನು ಎತ್ತಿಕೊಂಡಾಗ ಬಲಗಡೆಯಿಂದಲೇ ಮುದ್ದಿಸುತ್ತಿದ್ದ. ದಿನಾ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ ಎರೆಯುತ್ತಿದ್ದವಳು ಹೊನ್ನವ್ವ. ಅವಳೂ ಆ ಕಣ್ಣಿನ ಸುದ್ದಿ ಎತ್ತಲಿಲ್ಲ. ಮೂವರೂ ಒಂದೇ ಮನೆಯಲ್ಲಿ ಒಂದೇ ಕೂಸನ್ನು ನೋಡುತ್ತ, ಕಂಡದ್ದನ್ನು ಕಾಣದವರಂತೆ ಇದ್ದರು.

ಶಂಕ್ರಿ ಹೆಣ್ಣುಮಕ್ಕಳ ಶಾಲೆಗೆ ಹೋಗತೊಡಗಿದ ವರ್ಷ, ಅಲ್ಲಿಯ ಶಿಕ್ಷಕಿ ಜೈತುನಬಿ ಒಂದು ಸಂಜೆ ಮನೆಗೆ ಬಂದಳು. ಹುಡುಗಿ ಕರೀಹಲಗೆ ನೋಡಲು ಕುತ್ತಿಗೆ ಹೊರಳಿಸುತ್ತಾಳೆ, ಎಡಗಡೆ ಕುಳಿತವರು ಕಾಣದೆ ಡಿಕ್ಕಿ ಹೊಡೆಯುತ್ತಾಳೆ ಎಂದಳು. ಮುಂದಿನ ತಿಂಗಳು ಮುದ್ದೇಬಿಹಾಳದಲ್ಲಿ ಕಣ್ಣಿನ ಶಿಬಿರ ನಡೆಯಲಿದೆ, ಸೊಲ್ಲಾಪುರದಿಂದ ಡಾಕ್ಟರು ಬರುತ್ತಾರೆ, ಅಲ್ಲಿ ತೋರಿಸಿ ಎಂದೂ ಹೇಳಿದಳು. ರುಕ್ಮವ್ವ ಬಾಗಿಲ ಹಿಂದೆ ನಿಂತೇ ಮಾತಾಡಿದಳು.

"ಆಕಿ ಕಣ್ಣ ಚಲೋ ಅದಾವ್ರಿ ಅಕ್ಕೋರ. ಕೂದಲ ಬೀಳತಾವು, ಅಷ್ಟ."

ಜೈತುನಬಿ ಮತ್ತೆ ಒತ್ತಾಯಿಸದೆ ಹೋದಳು. ಮರುದಿನದಿಂದ ರುಕ್ಮವ್ವ ಮಗಳನ್ನು ಶಾಲೆಗೆ ಕಳಿಸಲಿಲ್ಲ. ನೆಗಡಿಯೆಂದು ಸುದ್ದಿ ಮುಟ್ಟಿಸಿದಳು. ಗೆಳತಿಯರು ಶಾಲೆಗೆ ಹೋಗುವುದನ್ನು ಶಂಕ್ರಿ ಕಟ್ಟೆಯ ಮೇಲೆ ಕುಳಿತು, ತಲೆ ವಾರೆ ಮಾಡಿ ನೋಡುತ್ತಿದ್ದಳು.

ಅದಕ್ಕೂ ಒಂದು ವರ್ಷದ ಹಿಂದಿನಿಂದಲೇ ಹೊನ್ನವ್ವನಲ್ಲಿ ಒಂದು ಬದಲಾವಣೆ ಆಗುತ್ತಿತ್ತು. ಮನೆಯಲ್ಲಿ ಅದನ್ನು ಗುರುತಿಸಿದವಳು ರುಕ್ಮವ್ವ ಒಬ್ಬಳೇ. ಮುದುಕಿಯ ಹಣೆಯ ಮೇಲೆ ಹೊಸ ಗೆರೆಗಳು ಬಿದ್ದಿದ್ದವು. ಯಾರನ್ನಾದರೂ ನೋಡುವಾಗ ಹುಬ್ಬುಗಳು ಮೇಲೇರುತ್ತಿದ್ದವು. ಮತ್ತೆ ಕೆಲವು ತಿಂಗಳಿಗೆ ಗದ್ದವೂ ಏರತೊಡಗಿತು. ಒಂದು ಮುಂಜಾನೆ ದೇವರ ಜಗುಲಿಯ ಮುಂದೆ ಅವಳು ತೋರುಬೆರಳಿನಿಂದ ಬಲರೆಪ್ಪೆಯನ್ನು ಮೇಲೆ ತಳ್ಳಿ ಹಿಡಿದು, ಇನ್ನೊಂದು ಕೈಯಿಂದ ಬತ್ತಿ ಹೊಸೆಯಲು ಹೆಣಗುತ್ತಿದ್ದಳು. ಬಾಗಿಲಲ್ಲಿ ನಿಂತಿದ್ದ ರುಕ್ಮವ್ವನ ಎದೆಯಲ್ಲಿ ಒಂದು ಕ್ಷಣ ಏನೋ ತಂಪೆನಿಸಿತು. ಅದು ಸಂತೋಷವೆಂದು ತಿಳಿದ ಕೂಡಲೇ ಅವಳಿಗೆ ತನ್ನ ಬಗ್ಗೆ ಹೇಸಿಗೆಯಾಯಿತು. ಸಪ್ಪಳ ಮಾಡದೆ ಹಿಂದೆ ಸರಿದಳು.

ಹೊನ್ನವ್ವ ತನಗೆ ಪೊರೆ ಬಂದಿದೆ ಎಂದು ತಿಳಿದಳು. ಮುದ್ದೇಬಿಹಾಳದ ಶಿಬಿರಕ್ಕೆ ಕರೆದುಕೊಂಡು ಹೋಗೆಂದು ಮಗನಿಗೆ ಹೇಳಿದಳು. ಅದು ತೊಗರಿ ಪೇಟೆಗೆ ಬರುವ ಕಾಲ, ಗುರಪ್ಪ ಅಂಗಡಿ ಬಿಡುವಂತಿರಲಿಲ್ಲ. ರುಕ್ಮವ್ವನೇ ಅತ್ತೆಯ ಸಂಗಡ ಹೊರಡಬೇಕಾಯಿತು. ದಾವಲಬಿ ಊರಲ್ಲಿರಲಿಲ್ಲವಾದ್ದರಿಂದ ಶಂಕ್ರಿಯನ್ನು ಬಿಟ್ಟುಹೋಗಲೂ ಆಗಲಿಲ್ಲ. ಮಗಳ ತಲೆಗೆ ಎಣ್ಣೆ ಜಾಸ್ತಿ ಹಚ್ಚಿ, ಕೂದಲು ಅಲುಗದಂತೆ ಎಡಗಣ್ಣಿನ ಮೇಲೆ ಒತ್ತಿ ಬಾಚಿ, ಬಸ್ಸು ಹತ್ತಿದಳು.

ಶಿಬಿರ ಒಂದು ಶಾಲೆಯ ಕೋಣೆಗಳಲ್ಲಿತ್ತು. ಅಂಗಳದ ತುಂಬ ಮುದುಕರು, ಮುದುಕಿಯರು. ಡಾಕ್ಟರು ನಡುವಯಸ್ಸಿನವರು, ಮೆಲುದನಿ. ಅವರ ಜೊತೆಗೆ ಇಂದುಬಾಯಿ ಎಂಬ ನರ್ಸ್ ಇದ್ದಳು. ಹೊನ್ನವ್ವನ ಸರದಿ ಬಂದಾಗ ಡಾಕ್ಟರು ಬ್ಯಾಟರಿ ಬಿಟ್ಟು ನೋಡಿದರು. ಆಮೇಲೆ ಹೆಬ್ಬೆರಳಿನಿಂದ ಅವಳ ಹುಬ್ಬನ್ನು ಅಲುಗದಂತೆ ಒತ್ತಿ ಹಿಡಿದು, ಕೆಳಗೆ ನೋಡಿ, ಈಗ ಮೇಲೆ ನೋಡಿ ಎನ್ನುತ್ತ, ರೆಪ್ಪೆ ಎಷ್ಟು ಏರುತ್ತದೆಂದು ಸಣ್ಣ ಅಳತೆಪಟ್ಟಿ ಹಿಡಿದು ಅಳೆದರು. ಮುಂಜಾನೆ ಚೆನ್ನಾಗಿದ್ದು ಸಂಜೆಗೆ ಇಳಿಯುತ್ತದೆಯೇ, ಒಂದು ಎರಡಾಗಿ ಕಾಣುತ್ತದೆಯೇ, ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿದರು. ಯಾವುದೂ ಇರಲಿಲ್ಲ. ಕೊನೆಗೆ ಬೆರಳಿನಿಂದ ರೆಪ್ಪೆ ಎತ್ತಿ ಹಿಡಿದು ಗೋಡೆಯ ಮೇಲಿನ ಪಟ ತೋರಿಸಿದರು. ಹೊನ್ನವ್ವನಿಗೆ ಅದು ಸ್ಪಷ್ಟವಾಗಿ ಕಂಡಿತು.

"ಪೊರಿ ಈಗಷ್ಟ ಶುರು ಆಗ್ಯದ ಅವ್ವಾ, ಅದಕ್ಕ ಅವಸರ ಇಲ್ಲ. ನಿಮ್ಮ ರೆಪ್ಪಿ ಇಳದದ," ಎಂದರು.

ರೆಪ್ಪೆಯನ್ನು ಎತ್ತುವುದಕ್ಕೆ ಒಳಗೊಂದು ಸ್ನಾಯು ಇರುತ್ತದೆ, ವಯಸ್ಸಾದಂತೆ ಅದರ ತುದಿ ಸಡಿಲಾಗಿ ರೆಪ್ಪೆಯಿಂದ ಕಳಚಿಕೊಳ್ಳುತ್ತದೆ, ಅದನ್ನು ಬಿಗಿದು ಹೊಲಿಯಬಹುದು ಎಂದು ತಿಳಿಸಿ ಹೇಳಿದರು. ಕೆಲವರಿಗೆ ನರ ಕೆಟ್ಟು ಇಳಿಯುತ್ತದೆ, ಕೆಲವರಿಗೆ ಸ್ನಾಯು ಬೇಗ ದಣಿಯುವ ರೋಗದಿಂದ. ಅದಕ್ಕೆ ಔಷಧವೇ ಹೊರತು ಕತ್ತರಿಯಲ್ಲ. ಇನ್ನು ಕೆಲವರಿಗೆ ಆ ಸ್ನಾಯು ಹುಟ್ಟುವಾಗಲೇ ಸರಿಯಾಗಿ ಬೆಳೆದಿರುವುದಿಲ್ಲ ಎನ್ನುತ್ತ ಅವರು ತಲೆ ಎತ್ತಿದರು. ಗದ್ದ ಮೇಲೆ ಮಾಡಿ ಅತ್ತೆಯ ಹಿಂದೆ ನಿಂತಿದ್ದ ರುಕ್ಮವ್ವನ ಮುಖದ ಮೇಲೆ ಅವರ ದೃಷ್ಟಿ ನಿಂತಿತು. ಅಲ್ಲಿಂದ ಅವಳ ಸೆರಗಿನ ಮರೆಯಲ್ಲಿದ್ದ ಹುಡುಗಿಯ ಕಡೆಗೆ ಇಳಿಯಿತು.

ರುಕ್ಮವ್ವ ತನಗರಿವಿಲ್ಲದೆಯೇ ಮಗಳ ಹಣೆಯ ಮೇಲೆ ಅಂಗೈ ಇಟ್ಟಳು. ಇಂದುಬಾಯಿ ಬಂದು, ಗದರಿಸದೆ, ಆ ಕೈಯನ್ನು ತೆಗೆದು ಕೂದಲು ಹಿಂದೆ ಸರಿಸಿದಳು.

ಡಾಕ್ಟರು ಶಂಕ್ರಿಯನ್ನು ಸ್ಟೂಲಿನ ಮೇಲೆ ಕೂಡಿಸಿಕೊಂಡರು. ಎಡರೆಪ್ಪೆ ಎತ್ತಿ ಹಿಡಿದು, ಬಲಗಣ್ಣನ್ನು ಇಂದುಬಾಯಿಯ ಅಂಗೈಯಿಂದ ಮುಚ್ಚಿಸಿ, ಇದು ಎಷ್ಟು ಬೆರಳು ಎಂದು ಕೇಳಿದರು. ಶಂಕ್ರಿ ಬೆರಳಿಗಾಗಿ ಗಾಳಿಯಲ್ಲಿ ಕೈ ಚಾಚಿದಳು. ಮತ್ತೆ ಕೇಳಿದಾಗ, ಡಾಕ್ಟರಿಗೆ ಬೇಸರವಾಗಬಾರದೆಂಬಂತೆ ನಕ್ಕು, ಬಾಯಿಗೆ ಬಂದ ಒಂದು ಸಂಖ್ಯೆ ಹೇಳಿದಳು. ಅದು ತಪ್ಪಾಗಿತ್ತು.

"ಆ ಕಣ್ಣ ಮಲಗೇತ್ರಿ. ನಾ ದೊಡ್ಡಾಕ್ಯಾದ ಮ್ಯಾಲ ಏಳತೈತಿ, ಅವ್ವ ಹೇಳ್ಯಾಳ," ಎಂದಳು.

ಕೋಣೆಯಲ್ಲಿದ್ದ ಸಾಲಿನವರೆಲ್ಲ ಕೇಳಿಸಿಕೊಂಡರು. ಡಾಕ್ಟರು ಬ್ಯಾಟರಿ ಆರಿಸಿದರು. ರೆಪ್ಪೆ ಎತ್ತಬಹುದು, ಅದು ಕಠಿಣವಲ್ಲ ಎಂದರು. ಆದರೆ ಕಣ್ಣು ನೋಡುವುದನ್ನು ನೋಡಿ ನೋಡಿಯೇ ಕಲಿಯುತ್ತದೆ, ಕಲಿಯುವ ವಯಸ್ಸಿನಲ್ಲಿ ಈ ಕಣ್ಣಿಗೆ ಬೆಳಕೇ ಸರಿಯಾಗಿ ಬಿದ್ದಿಲ್ಲ, ಈಗ ದೃಷ್ಟಿ ಎಷ್ಟು ಬರುತ್ತದೋ ಹೇಳಲಾರೆ ಎಂದರು. ಕೂಸಿದ್ದಾಗಲೇ ತಂದಿದ್ದರೆ ಮಾತು ಬೇರೆ ಇತ್ತು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಆದರೂ ಕೇಳಿಯೇ ಕೇಳಿದರು.

"ಯಾಕ ತರಲಿಲ್ಲವ್ವಾ?"

ರುಕ್ಮವ್ವನ ತಲೆ ತಗ್ಗಿತು. ಕಾಣುತ್ತಿದ್ದದ್ದು ಮಗಳ ಪಾದ ಮಾತ್ರ, ಸ್ಟೂಲಿನಿಂದ ಇಳಿಬಿದ್ದು ಅಲ್ಲಾಡುತ್ತಿತ್ತು. ತನ್ನ ಮಾನ ಉಳಿಸಿಕೊಳ್ಳಲು ಮಗಳ ಕಣ್ಣನ್ನು ಕೊಟ್ಟುಬಿಟ್ಟೆ ಎಂಬುದು ಈಗ ಈ ಅಪರಿಚಿತರ ನಡುವೆ ಅವಳಿಗೆ ಮೊದಲ ಸಲ ಸ್ಪಷ್ಟವಾಯಿತು.

ಹೊನ್ನವ್ವ ಕುಳಿತಲ್ಲಿಂದಲೇ ಮಾತಾಡಿದಳು.

"ಆಕಿನ್ನ ಕೇಳಬ್ಯಾಡ್ರಿ ಡಾಕ್ಟರ. ನನ್ನ ಕೇಳ್ರಿ. ಇಂಥಾ ಕಣ್ಣ ನನ್ನ ಮನ್ಯಾಗ ಹುಟ್ಟಬಾರದು ಅಂತ ಅಂದಾಕಿ ನಾನ. ಆಕಿ ಅಂಜಿ ಮುಚ್ಚಿಟ್ಟಳು. ಮೊದಲನೇ ದಿನ ಕೂಸಿಗೆ ಎರಿಯೂ ಮುಂದನ ನಾ ಕಂಡಿದ್ದೆ. ಕಂಡೂ ಸುಮ್ಮಕ್ಕಾದೆ."

ರುಕ್ಮವ್ವ ಗದ್ದ ಎತ್ತಿದಳು. ಅತ್ತೆಯೂ ಗದ್ದ ಎತ್ತಿಯೇ ಡಾಕ್ಟರನ್ನು ನೋಡುತ್ತಿದ್ದಳು, ಬೇರೆ ರೀತಿ ಅವಳಿಗೂ ಕಾಣುತ್ತಿರಲಿಲ್ಲ. ಯಾರ ತಪ್ಪೂ ಅಲ್ಲ, ಕೆಲವು ಮನೆತನಗಳಲ್ಲಿ ಹೀಗೆ ಬರುತ್ತದೆ ಎಂದು ಡಾಕ್ಟರು ಹೇಳಿದರು. ಸೊಲ್ಲಾಪುರಕ್ಕೆ ಬನ್ನಿ ಎಂದರು.

ಬಾಗೇವಾಡಿಯ ಬಸ್ಸಿಗೆ ಕಾಯುತ್ತ ಅತ್ತೆ ಸೊಸೆ ಬೇವಿನ ಗಿಡದ ಕೆಳಗೆ ಕುಳಿತರು. ಶಂಕ್ರಿ ಹೊನ್ನವ್ವನ ತೊಡೆಯ ಮೇಲೆ ನಿದ್ದೆ ಹೋದಳು.

"ನೀ ಹುಟ್ಟಿದಾಗಿಂದ ಹಿಂಗ ನೋಡಾಕತ್ತೀಯೇನ?" ಎಂದು ಹೊನ್ನವ್ವ ಕೇಳಿದಳು.

"ಹೌದ್ರಿ ಅತ್ತಿ."

"ಕುತ್ತಿಗಿ ನೋಯತೈತಿ."

"ಹೌದ್ರಿ. ಸಂಜೀಕ ಜಾಸ್ತಿ."

ಹೊನ್ನವ್ವ ಮೊಮ್ಮಗಳ ಹಣೆಯ ಮೇಲಿನ ಕೂದಲನ್ನು ಹಿಂದೆ ಸರಿಸಿದಳು. ಮತ್ತೆ ಬೀಳದಂತೆ ತನ್ನ ತುರುಬಿನ ಒಂದು ಪಿನ್ನು ತೆಗೆದು ಸಿಕ್ಕಿಸಿದಳು. ಕ್ಷಮಿಸು ಎಂಬ ಮಾತು ಆ ಮನೆಯಲ್ಲಿ ಯಾರೂ ಆಡಿ ಗೊತ್ತಿರಲಿಲ್ಲ, ಆಗಲೂ ಅವಳು ಆಡಲಿಲ್ಲ.

ಮನೆಗೆ ಬಂದು ಮಗನನ್ನು ಎದುರಿಗೆ ಕೂಡಿಸಿಕೊಂಡು ಎಲ್ಲ ಹೇಳಿದಳು. ಗುರಪ್ಪ ಕೇಳುತ್ತ ಚಾಪೆಯ ಎಳೆ ಕೀಳುತ್ತಿದ್ದ. ನನಗೂ ಗೊತ್ತಿತ್ತು ಎಂದು ಅವನು ಕೊನೆಗೆ ಅಂದ. ರುಕ್ಮವ್ವನ ಕಡೆ ನೋಡದೆಯೇ ಅಂದ. ತೊಗರಿಯ ಗದ್ದಲ ಮುಗಿಯಲೆಂದು ಕಾಯದೆ, ಅಂಗಡಿಯನ್ನು ಪಾಲುದಾರ ಅಬ್ದುಲರಜಾಕನಿಗೆ ಒಪ್ಪಿಸಿ, ಅದೇ ವಾರ ಹೆಂಡತಿ ಮಗಳನ್ನು ಕರೆದುಕೊಂಡು ರೈಲು ಹತ್ತಿದ. ಮದುವೆಯಾದ ಮೇಲೆ ಅವಳನ್ನು ಅವನು ಜನರ ನಡುವೆ ಕರೆದುಕೊಂಡು ಹೋದದ್ದು ಅದೇ ಮೊದಲು.

ರೈಲು ಲಚ್ಯಾಣದಲ್ಲಿ ನಿಲ್ಲುತ್ತಿತ್ತು. ಸುದ್ದಿ ತಿಳಿದು ಖಂಡೆಪ್ಪ ರೊಟ್ಟಿಯ ಗಂಟು ಹಿಡಿದು ಬಂದಿದ್ದ. ಕಿಟಕಿಯಿಂದ ಗಂಟು ಕೊಟ್ಟು, ಮೊಮ್ಮಗಳ ಗದ್ದ ಹಿಡಿದು ಆ ಕಣ್ಣನ್ನು ನೋಡಿದ. ಮಗಳ ಮುಖ ನೋಡಲು ಅವನಿಂದ ಆಗಲಿಲ್ಲ. ರೈಲು ಅಲುಗಿದಾಗ, ಹುಷಾರ ಎಂದಷ್ಟೇ ಹೇಳಿ ಹಿಂದೆ ಸರಿದ.

ಸೊಲ್ಲಾಪುರದ ದವಾಖಾನೆಯಲ್ಲಿ ಡಾಕ್ಟರು ಇಬ್ಬರನ್ನೂ ಪರೀಕ್ಷಿಸಿದರು. ಶಂಕ್ರಿಯ ರೆಪ್ಪೆಗೆ ಎತ್ತುವ ಶಕ್ತಿಯೇ ಇರಲಿಲ್ಲ. ತೊಡೆಯ ಮಾಂಸದ ಮೇಲಿರುವ ಗಟ್ಟಿ ಪೊರೆಯಿಂದ ಒಂದು ಸಣ್ಣ ಪಟ್ಟಿ ತೆಗೆದು, ಅದರಿಂದ ರೆಪ್ಪೆಯನ್ನು ಹುಬ್ಬಿನ ಸ್ನಾಯುವಿಗೆ ಜೋಡಿಸಬೇಕು, ಆಗ ಹುಬ್ಬು ಏರಿಸಿದರೆ ರೆಪ್ಪೆಯೂ ಏರುತ್ತದೆ ಎಂದರು. ರುಕ್ಮವ್ವ ತನ್ನ ತೊಡೆಯಿಂದ ತೆಗೆದುಕೊಳ್ಳಿ ಎಂದು ಬೇಡಿಕೊಂಡಳು. ಹುಡುಗಿ ಈಗ ಸಾಕಷ್ಟು ಬೆಳೆದಿದ್ದಾಳೆ, ಅವಳ ಮೈಯದೇ ಅವಳಿಗೆ ಚೆನ್ನಾಗಿ ಹೊಂದುತ್ತದೆ ಎಂದು ಅವರು ಒಪ್ಪಲಿಲ್ಲ.

ರುಕ್ಮವ್ವನ ರೆಪ್ಪೆಗಳಲ್ಲಿ ಅಷ್ಟಿಷ್ಟು ಶಕ್ತಿ ಇತ್ತು. ಎತ್ತುವ ಸ್ನಾಯುವನ್ನೇ ಸ್ವಲ್ಪ ಕತ್ತರಿಸಿ ಗಿಡ್ಡ ಮಾಡಿ ಹೊಲಿದರೆ ಸಾಕು, ಈಗಲೇ ಮಾಡೋಣವೇ ಎಂದು ಡಾಕ್ಟರು ಕೇಳಿದರು. ಅವಳು ಬೇಡವೆಂದಳು. ಮಗಳ ಕಣ್ಣು ಕೆಡಿಸಿ ತನ್ನದನ್ನು ಸರಿಮಾಡಿಸಿಕೊಳ್ಳುವುದು ಅವಳಿಗೆ ಕದ್ದದ್ದನ್ನು ಉಂಡಂತೆ ಅನಿಸಿತು. ಗುರಪ್ಪ ಹೇಳಿದ, ಇಂದುಬಾಯಿ ಹೇಳಿದಳು, ಕೇಳಲಿಲ್ಲ. ಆದರೆ ಶಂಕ್ರಿ ಆಪರೇಶನ್ ಕೋಣೆಯ ಬಾಗಿಲು ನೋಡಿ ಮಂಚದ ಕಾಲನ್ನು ಅಪ್ಪಿಕೊಂಡು ಅಳತೊಡಗಿದಳು. ಅವ್ವನದೂ ಹೀಗೇ ಇದೆಯಲ್ಲ, ಅವ್ವನಿಗೆ ಮೊದಲು ಮಾಡಲಿ ಎಂದು ಹಟ ಹಿಡಿದಳು. ಆಗ ರುಕ್ಮವ್ವ ಎದ್ದು ನಿಂತಳು.

ಇಂದುಬಾಯಿ ಅವಳ ರೆಪ್ಪೆಗಳ ಮೇಲೆ ನೇರಳೆ ಬಣ್ಣದ ಗೆರೆ ಎಳೆದಳು. ಸೂಜಿ ಚುಚ್ಚುವಾಗ ಉರಿಯಿತು, ಆಮೇಲೆ ಮರಗಟ್ಟಿತು. ಎಚ್ಚರವಾಗಿಯೇ ಇದ್ದ ಅವಳಿಗೆ ಡಾಕ್ಟರ ಉಸಿರು, ಕತ್ತರಿಯ ಸಣ್ಣ ಸದ್ದು ಕೇಳುತ್ತಿದ್ದವು. ಹೊಲಿಗೆ ಬಿಗಿಯುವ ಮುಂಚೆ ರೆಪ್ಪೆ ಸಮವಾಗಿದೆಯೋ ನೋಡಲು ಅವಳನ್ನು ಎಬ್ಬಿಸಿ ಕೂಡಿಸಿ, ಕಣ್ಣು ತೆರೆಯಲು ಹೇಳಿದರು. ಅವಳು ಅಭ್ಯಾಸದಂತೆ ಗದ್ದ ಎತ್ತಿದಳು.

"ಗದ್ದ ಇಳಸ್ರಿ. ಇನ್ನ ಅದನ್ನ ಎತ್ತೂದು ಬ್ಯಾಡ," ಎಂದು ಇಂದುಬಾಯಿ ಎರಡು ಬೆರಳಿನಿಂದ ಗದ್ದವನ್ನು ಕೆಳಗೆ ಒತ್ತಿದಳು.

ತಲೆ ನೇರವಾಯಿತು. ಎದುರಿಗೆ ಗೋಡೆಯಿತ್ತು. ಗೋಡೆಯ ಮೇಲೆ, ಅವಳ ಕಣ್ಣಿನ ಎತ್ತರಕ್ಕಿಂತ ಮೇಲೆ, ಒಂದು ಗಾಳಿಕಿಂಡಿಯಿತ್ತು. ಅದರಾಚೆ ಗಿಡದ ಒಂದು ಕೊಂಬೆ. ಕುತ್ತಿಗೆ ಅಲುಗಿಸದೆ ಅಷ್ಟು ಮೇಲಿನದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಕಣ್ಣೀರು ಬಂದರೆ ಹೊಲಿಗೆಗೆ ತೊಂದರೆಯೆಂದು ಡಾಕ್ಟರು ಮೊದಲೇ ಹೇಳಿದ್ದರು. ಅವಳು ಹಲ್ಲು ಕಚ್ಚಿ ಕುಳಿತಳು.

ಮರುದಿನ ಶಂಕ್ರಿಗೆ ಮೂರ್ಛೆ ಬರಿಸುವ ಔಷಧ ಕೊಟ್ಟು ಆಪರೇಶನ್ ಮಾಡಿದರು. ತೊಡೆಗೆ ಬ್ಯಾಂಡೇಜು, ಕಣ್ಣಿಗೆ ಬ್ಯಾಂಡೇಜು. ಹುಡುಗಿ ಕೆಲವು ದಿನ ಕುಂಟುತ್ತ ನಡೆದಳು. ಪಟ್ಟಿ ಬಿಚ್ಚಿದಾಗ ಎಡಗಣ್ಣು ಬಾತು ಕೆಂಪಾಗಿತ್ತು, ಆದರೆ ತೆರೆದಿತ್ತು. ಗುರಪ್ಪ ಅವಳನ್ನು ಎಡಗಡೆಗೆ ತಿರುಗಿಸಿ ಎತ್ತಿಕೊಂಡು ವರಾಂಡದ ತುಂಬ ಓಡಾಡಿದ.

ಇನ್ನು ಮುಂದೆ ಇಬ್ಬರೂ ಮಲಗಿದಾಗ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ, ಕಣ್ಣು ಒಣಗದಂತೆ ಮುಲಾಮು ಹಚ್ಚಬೇಕೆಂದು ಡಾಕ್ಟರು ತಾಕೀತು ಮಾಡಿದರು.

ಕಠಿಣ ಕೆಲಸ ಆಮೇಲೆ ಶುರುವಾಯಿತು. ಸೋಮಾರಿಯಾದ ಎಡಗಣ್ಣು ಕೆಲಸ ಕಲಿಯಬೇಕಾದರೆ ಚೆನ್ನಾಗಿರುವ ಬಲಗಣ್ಣನ್ನು ದಿನಾ ಹೊತ್ತುಗಟ್ಟಲೆ ಪಟ್ಟಿ ಅಂಟಿಸಿ ಮುಚ್ಚಬೇಕಿತ್ತು. ಒಳ್ಳೆಯ ಕಣ್ಣು ಮುಚ್ಚಿದರೆ ಶಂಕ್ರಿಗೆ ಎಲ್ಲ ಮಸುಕು. ಕಂಬಕ್ಕೆ ಬಡಿದುಕೊಳ್ಳುತ್ತಿದ್ದಳು, ತಾಟಿನಲ್ಲಿಯ ಅನ್ನ ಕಾಣದೆ ನೆಲಕ್ಕೆ ಕೈ ಹಾಕುತ್ತಿದ್ದಳು. ಪಟ್ಟಿ ಕಿತ್ತೊಗೆದು ಅಳುತ್ತಿದ್ದಳು. ಅದನ್ನು ಮತ್ತೆ ಅಂಟಿಸುವವಳು ರುಕ್ಮವ್ವ. ಪ್ರತಿ ಸಲವೂ ಆ ಮಸುಕಿನಲ್ಲಿ ತಡಕಾಡುವ ಕೈಯನ್ನು ನೋಡಿ, ಇದು ನಾನು ಮಾಡಿದ್ದು ಎಂದುಕೊಳ್ಳುತ್ತಿದ್ದಳು. ಶಾಲೆಯಲ್ಲಿ ಹುಡುಗಿಯರು ನಗುತ್ತಾರೆಂದು ಮಗಳು ಹೋಗಲೊಲ್ಲೆ ಎಂದಾಗ ಅವಳು ಕೈಹಿಡಿದು ಪೇಟೆಯ ನಡುವಿನಿಂದಲೇ ಕರೆದುಕೊಂಡು ಹೋದಳು. ಜೈತುನಬಿಯ ಎದುರು ನಿಂತು, ಅಂದು ಬಾಗಿಲ ಹಿಂದಿನಿಂದ ಸುಳ್ಳು ಹೇಳಿದ್ದೆ ಎಂದು ಹೇಳಿದಳು. ಜೈತುನಬಿ ಹುಡುಗಿಯನ್ನು ಮೊದಲ ಸಾಲಿನಲ್ಲಿ ಕೂಡಿಸಿದಳು.

ಹೊನ್ನವ್ವ ತನ್ನ ಆಪರೇಶನ್ನಿಗೆ ಹೋಗಲೇ ಇಲ್ಲ. ಇಷ್ಟು ದಿನ ಕಂಡದ್ದು ಸಾಕು ಎಂದಳು. ಕಟ್ಟೆಯ ಮೇಲೆ ಗದ್ದ ಎತ್ತಿ ಕುಳಿತು ಬಂದುಹೋಗುವವರನ್ನು ಮಾತಾಡಿಸುತ್ತಿದ್ದಳು. ಓಣಿಯಲ್ಲಿ ಯಾರೂ ಅವಳಿಗೆ ಸೊಕ್ಕು ಎನ್ನಲಿಲ್ಲ. ವಯಸ್ಸಾಯಿತು ಪಾಪ ಎಂದರು. ರುಕ್ಮವ್ವ ಅದನ್ನು ಕೇಳಿಸಿಕೊಳ್ಳುತ್ತ ಅತ್ತೆಗೆ ಚಹಾ ಕೊಡುತ್ತಿದ್ದಳು. ಸಂಜೆ ಆ ಕುತ್ತಿಗೆಗೆ ಎಣ್ಣೆ ತಿಕ್ಕುತ್ತಿದ್ದಳು, ಎಲ್ಲಿ ನೋಯುತ್ತದೆಂದು ಕೇಳಬೇಕಾಗಿರಲಿಲ್ಲ.

ಮಾರನೆಯ ವರ್ಷ ಸೊಲ್ಲಾಪುರದಲ್ಲಿ ಮತ್ತೆ ತೋರಿಸಿದರು. ಎಡಗಣ್ಣಿನಿಂದ ಶಂಕ್ರಿ ಹಲಗೆಯ ಮೇಲಿನ ದೊಡ್ಡ ಅಕ್ಷರಗಳನ್ನು ಓದಿದಳು. ಸಣ್ಣವು ಬರಲಿಲ್ಲ. ಇಷ್ಟು ತಡವಾಗಿ ಬಂದದ್ದಕ್ಕೆ ಇದೇ ಹೆಚ್ಚು, ಇನ್ನು ಮೇಲೆ ಇದಕ್ಕಿಂತ ಸುಧಾರಿಸಲಾರದು ಎಂದರು ಡಾಕ್ಟರು. ಗುರಪ್ಪ ಅದಕ್ಕೇ ಸಂತೋಷಪಟ್ಟು ಪೇಢೆ ತಂದ. ರುಕ್ಮವ್ವ ತನ್ನ ಪಾಲಿನ ಪೇಢೆಯನ್ನು ಮಗಳ ಕೈಗಿಟ್ಟಳು.

ಶಂಕ್ರಿಗೆ ಒಂಬತ್ತು ತುಂಬಿದ ಮೇಲೆ, ಒಂದು ಮಧ್ಯಾಹ್ನ ತಾಯಿ ಮಗಳು ಪಡಸಾಲೆಯಲ್ಲಿ ತೊಗರಿ ಹಸನು ಮಾಡುತ್ತ ಕುಳಿತಿದ್ದರು. ಹುಡುಗಿ ಬಲಗಣ್ಣು ಮುಚ್ಚಿ, ಎಡಗಣ್ಣಿನಿಂದ ಹರಳು ಆರಿಸಲು ನೋಡಿದಳು, ಆಗಲಿಲ್ಲ.

"ಅವ್ವಾ, ರೆಪ್ಪಿ ಎತ್ಯಾರ. ಆದ್ರೂ ಈ ಕಣ್ಣ ಯಾಕ ಮಸುಕು?"

ರುಕ್ಮವ್ವ ಮೊರ ಕೆಳಗಿಟ್ಟಳು. ಹೇಳಲು ಹಗುರಾದ ಉತ್ತರಗಳು ಎಷ್ಟೋ ಇದ್ದವು.

"ನೀ ಕೂಸಿದ್ದಾಗ ಡಾಕ್ಟರಿಗೆ ತೋರಿಸಬೇಕಿತ್ತು. ನಾ ತೋರಿಸಲಿಲ್ಲ. ಮುಚ್ಚಿಟ್ಟೆ."

"ಯಾಕ?"

"ನಾಚಿಕಿ ಬಂತು."

"ನನ್ನ ಕಂಡು?"

"ಅಲ್ಲ. ನನ್ನ ಕಂಡು ನನಗ."

ಶಂಕ್ರಿ ಹರಳುಗಳನ್ನು ಬೆರಳಿನಿಂದ ಒಂದು ಕಡೆ ಸರಿಸಿದಳು. ಅವಳ ಹುಬ್ಬು ಏರಿತು, ಅದರ ಸಂಗಡ ರೆಪ್ಪೆಯೂ ಏರಿತು.

"ಸಾಲ್ಯಾಗ ಹುಡುಗ್ಯಾರು ಕೇಳತಾರ. ಏನ ಹೇಳಲಿ?"

"ಇದನ್ನ ಹೇಳು," ಎಂದಳು ರುಕ್ಮವ್ವ.

ಹುಡುಗಿ ಹೇಳಿದಳು. ಕೆಲವು ದಿನಗಳಲ್ಲಿ ಅದು ಓಣಿಗೆ ತಿಳಿಯಿತು. ನೀರಿನ ನಳದ ಹತ್ತಿರ ರುಕ್ಮವ್ವ ಹೋದಾಗ ಹೆಂಗಸರ ಮಾತು ನಿಂತಿತು. ಆದರೂ ಅವಳು ಸರದಿಯಲ್ಲಿ ನಿಂತಳು. ಎದುರಿಗಿದ್ದ ಒಬ್ಬೊಬ್ಬರ ಮುಖವೂ ಅವಳಿಗೆ ಚೆನ್ನಾಗಿ ಕಾಣುತ್ತಿತ್ತು. ಕೊಡ ತುಂಬಿದ ಮೇಲೆ ಹೊತ್ತುಕೊಂಡು ಮನೆಗೆ ಬಂದಳು.